ಒಲೆಯಿಂದ ಎರಡು ಮೊಳ

ನೀನು ಬೆಂಗಳೂರು ಬಿಟ್ಟು ಊರಿಗೆ ಬಂದೆ. ಹಳೇ ಹಂಚಿನ ಮನೆ ಕೆಡವದೆ ರಿಪೇರಿ ಮಾಡಿಸುತ್ತಿದ್ದೀಯ. ಸಂತೋಷ. ಮಲೆನಾಡಿನ ಮಳೆಗಾಲಕ್ಕೆ ನಡುಮನೆಯಲ್ಲೊಂದು ಗಾಜಿನ ಬಾಗಿಲಿನ ಕಬ್ಬಿಣದ ಒಲೆ ಕೂರಿಸಬೇಕೆಂಬ ಆಸೆಯೂ ತಪ್ಪಲ್ಲ. ಚಳಿ ಕಾಯಿಸುತ್ತಾ ಕೂರುವ ಸುಖ ನನಗೂ ಬೇಕು. ಆದರೆ ನೀನು ಫೋನಿನಲ್ಲಿ ತೋರಿಸಿದ ಜಾಗ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಎಡಕ್ಕೆ ಹಲಗೆ ಗೋಡೆ, ಬಲಕ್ಕೆ ಹಲಸಿನ ಕಂಬ, ನಡುವಿನ ಮೂಲೆಗೆ ಒಲೆ! ಫೋಟೋಕ್ಕೆ ಚಂದ, ಒಪ್ಪಿದೆ. ಟೇಪು ಹಿಡಿದು ನೋಡಿದೆಯಾ ಅಂದರೆ ತಲೆ ಕೆರೆದುಕೊಂಡೆ. ನಿನ್ನ ಬುದ್ಧಿ ಚುರುಕು ಮಾರಾಯ, ಕಾಲು ಮಾತ್ರ ಅದಕ್ಕಿಂತ ಚುರುಕು.

ಕಿಡಿ ಹಾರಿದರೆ ತಾನೆ ಬೆಂಕಿ ಅನ್ನುವುದು ನಿನ್ನ ಲೆಕ್ಕ. ಒಲೆಯ ಕಾವಿಗೆ ಕಿಡಿಯ ಹಂಗಿಲ್ಲ. ಹೊಸ ಹಲಗೆ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಹಲಗೆ ವರ್ಷಗಟ್ಟಲೆ ಕಾವು ತಿಂದರೆ ಒಳಗೊಳಗೇ ಇದ್ದಿಲಿನತ್ತ ತಿರುಗುತ್ತದೆ, ಆಮೇಲೆ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಹೊತ್ತಿಕೊಳ್ಳಬಹುದು. ಮೊದಲ ಮಳೆಗಾಲ ಏನೂ ಆಗಲಿಲ್ಲ, ಎರಡನೆಯದೂ ದಾಟಿತು ಎಂದು ಬೀಗಬೇಡ. ಏನೂ ಆಗದ ಆ ದಿನಗಳಲ್ಲೇ ಹಲಗೆ ಹದಕ್ಕೆ ಬರುತ್ತಿರುತ್ತದೆ. ನಮ್ಮ ಹಿರಿಯರು ಹಂಡೆ ಒಲೆಯ ಬಚ್ಚಲನ್ನು ಮನೆಯ ಹಿಂದಕ್ಕೆ ತಳ್ಳಿ, ಒಲೆಯ ಸುತ್ತ ಕಲ್ಲು ಮಣ್ಣು ಬಿಟ್ಟು ಬೇರೇನೂ ಸೇರಿಸದೆ ಕಟ್ಟಿದ್ದು ಜಾಗ ಹೆಚ್ಚಾಗಿತ್ತೆಂದಲ್ಲ.

ಹಾಗಾದರೆ ಎಷ್ಟು ದೂರ? ಕಂಪನಿ ಒಲೆಯಾದರೆ ಅದರ ಬೆನ್ನಿಗೆ ಒಂದು ಲೋಹದ ಪಟ್ಟಿ ಇರುತ್ತದೆ. ಹಿಂದೆ ಎಷ್ಟು, ಪಕ್ಕಕ್ಕೆ ಎಷ್ಟು, ಮೂಲೆಯಲ್ಲಿಟ್ಟರೆ ಎಷ್ಟು, ಎಲ್ಲ ಅದರಲ್ಲಿ ಬರೆದಿರುತ್ತದೆ. ಆ ಅಂಕಿಯೇ ನಿನ್ನ ಒಲೆಗೆ ಕಾನೂನು. ಪಟ್ಟಿಯೇ ಇಲ್ಲದ, ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಲೆಯಾದರೆ, ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಅಗ್ನಿ ಸುರಕ್ಷತಾ ಸಂಹಿತೆ 36 ಇಂಚು ಬಿಡು ಅನ್ನುತ್ತದೆ, ತಲೆಯ ಮೇಲೂ ಸೇರಿ. ಅಂದರೆ ಎರಡು ಮೊಳ. ಒಂಟಿ ತಗಡಿನ ಹೊಗೆ ಕೊಳವೆಗೆ 18 ಇಂಚು, ಒಂದು ಮೊಳ. ನೆಲ ಹಲಗೆಯದಾದರೆ ಒಲೆ ಬಾಯಿಯ ಮುಂದೆ ಬೆಂಕಿ ಹಿಡಿಯದ ಹಾಸೂ ಒಂದು ಮೊಳ ಇರಲಿ. ನಿನ್ನದು ರೆಡ್ ಆಕ್ಸೈಡ್ ನೆಲ, ಆ ಚಿಂತೆ ಇಲ್ಲ.

ಅಳೆಯುವುದು ಎಲ್ಲಿಯವರೆಗೆ ಅನ್ನುವಲ್ಲೇ ಜಾಣರೂ ಎಡವುತ್ತಾರೆ. ಇನ್ನೊಂದು ಕಡೆಯ ಗೋಡೆ ಜಂಬಿಟ್ಟಿಗೆಯದ್ದು, ಸುಡುವುದಿಲ್ಲ, ಸರಿ. ಪಕ್ಕದ ಕಿಟಕಿಯ ಚೌಕಟ್ಟು? ಪರದೆ? ಮೇಲಿನ ಮುಚ್ಚಿಗೆ? ನೀನು ಈಚೆಗೆ ತಂದ ಸೋಫಾ? ಹತ್ತಿರದ ಸುಡುವ ವಸ್ತು ಯಾವುದೋ ಅಲ್ಲಿಯವರೆಗೆ ಅಳೆ. ಹಲಗೆ ಗೋಡೆಗೆ ಟೈಲ್ಸ್ ಅಂಟಿಸಿಬಿಡುತ್ತೇನೆ ಅಂದೆಯಲ್ಲ, ಅದು ಕಣ್ಣಿಗೆ ಮಣ್ಣೆರಚುವ ಕೆಲಸ. ಟೈಲ್ಸ್ ಕಾವನ್ನು ಹಿಂದಿನ ಹಲಗೆಗೆ ದಾಟಿಸುತ್ತದೆ, ಮೇಲಾಗಿ ಕಪ್ಪಾಗುತ್ತಿರುವ ಹಲಗೆಯನ್ನು ನಿನ್ನಿಂದ ಮುಚ್ಚಿಡುತ್ತದೆ.

ಜಾಗ ಸಾಲದೆ ಹೋದರೆ ಉಪಾಯ ಇದೆ. ಗೋಡೆಯಿಂದ ಒಂದಿಂಚು ಬಿಟ್ಟು ದಪ್ಪ ತಗಡು ನಿಲ್ಲಿಸು. ಕೆಳಗೂ ಮೇಲೂ ತೆರೆದಿರಲಿ. ತಣ್ಣನೆ ಗಾಳಿ ಕೆಳಗಿಂದ ನುಗ್ಗಿ, ಬಿಸಿಯಾಗಿ ಮೇಲಿಂದ ಹೊರಟುಹೋಗಬೇಕು. ಹೀಗೆ ಮಾಡಿದರೆ ಆ 36 ಇಂಚು 12ಕ್ಕೆ ಇಳಿಯುತ್ತದೆ. ಗೋಡೆಯನ್ನು ಕಾಪಾಡುವುದು ತಗಡಲ್ಲ, ಹಿಂದಿನ ಗಾಳಿ. ಆ ಸಂದಿಗೆ ಮರದ ತುಂಡು ಕೊಟ್ಟು ಮೊಳೆ ಹೊಡೆಯಲು ಬಡಗಿ ಹೊರಟರೆ ಕೈ ಹಿಡಿದು ನಿಲ್ಲಿಸು. ಬೋಲ್ಟಿಗೆ ಕಬ್ಬಿಣದ ಚಿಕ್ಕ ಕೊಳವೆ ತೊಡಿಸಿದರೆ ಆಯಿತು.

ಇನ್ನು ಸೂರು. 1980ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಬಂದಾಗ ಎಷ್ಟೋ ಅಡುಗೆಮನೆಗೆ ಹೊಗೆ ಕೊಳವೆ ಬಂತು. ಅದರಲ್ಲಿ ಮೂರು ಪಾತ್ರೆ ಕಾವು ಹೀರಿ, ಉಳಿದದ್ದಷ್ಟೇ ಕೊಳವೆಗೆ. ಅದನ್ನು ಕೂರಿಸಿದ ಅನುಭವದ ಮೇಲೆ ಮೇಸ್ತ್ರಿ “ಇದೇನು ಮಹಾ” ಅಂದಾನು, ನಂಬಬೇಡ. ನಿನ್ನ ಕಬ್ಬಿಣದ ಒಲೆಯ ಕೊಳವೆ ಬೇರೆಯೇ ಬಿಸಿ. ಮುಚ್ಚಿಗೆ ದಾಟುವಲ್ಲಿ ಒಂಟಿ ತಗಡು ಸಲ್ಲದು, ಒಳಗೆ ಶಾಖ ತಡೆಯುವ ಪದರ ತುಂಬಿದ ಜೋಡಿ ಕೊಳವೆಯೇ ಬೇಕು. ಅದಕ್ಕೂ ಪಕಾಸಿಗೂ ನಡುವೆ ಸಾಮಾನ್ಯವಾಗಿ ಎರಡಿಂಚು ಖಾಲಿ ಬಿಡಬೇಕು. ಖಾಲಿ ಅಂದರೆ ಖಾಲಿ. ಸೋನೆ ಒಳಗೆ ಬರುತ್ತದೆಂದು ತೆಂಗಿನ ನಾರು, ಗೋಣಿ ತುರುಕುವವರಿದ್ದಾರೆ. ಕೊಳವೆ ಹಂಚಿನಿಂದ ಮೇಲಕ್ಕೆ ಮೂರಡಿ, ಹತ್ತಡಿ ದೂರದೊಳಗಿರುವ ಸೂರಿಗಿಂತ ಎರಡಡಿ ಎತ್ತರ ಇರಲಿ, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಗೇ ನೂಕುತ್ತದೆ.

ಹಸಿ ಸೌದೆ ಹಾಕಬೇಡ. ಕೊಳವೆಯೊಳಗೆ ಡಾಂಬರಿನಂಥ ಮಸಿ ಕಟ್ಟಿ ಒಂದು ದಿನ ಅದೇ ಹೊತ್ತುತ್ತದೆ. ಬೇಸಿಗೆಯಲ್ಲೇ ಸೀಳಿ ಒಣಗಿಸು, ವರ್ಷಕ್ಕೊಮ್ಮೆ ಕೊಳವೆ ಗುಡಿಸು. ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಬೇಡ. ಅದರೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಗೆ ಒಲೆಯ ಮೇಲೆ ಹಗ್ಗ ಕಟ್ಟುವ ಯೋಚನೆ ನಿನಗೂ ಬಂದೇ ಬರುತ್ತದೆ. ಮನೆಯವರಿಗೆ ಈಗಲೇ ಹೇಳಿಡು, ಆ ಎರಡು ಮೊಳ ಬಟ್ಟೆಗೂ ಸೌದೆ ಬುಟ್ಟಿಗೂ ಅನ್ವಯ.

ಒಲೆಗೆ ದುಡ್ಡು ಕಟ್ಟುವ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಲೆ ಬರೆ, ಸುತ್ತಲೂ ಅಂತರ ಬರೆ, ಅದರೊಳಗೆ ನಡೆದಾಡಿ ನೋಡು. ಜಾಗ ಸಾಲದಿದ್ದರೆ ಆ ಮೂಲೆ ಬಿಟ್ಟು ಜಂಬಿಟ್ಟಿಗೆ ಗೋಡೆಯ ಕಡೆಗೆ ಬಾ. ನಾನು ಭಾನುವಾರ ಬರುತ್ತೇನೆ. ಟೇಪು ಹುಡುಕಿ ಇಟ್ಟಿರು, ಬಡಗಿಗೂ ಅವತ್ತೇ ಬರಹೇಳು.