ಸೌದೆಯಿಂದ ಅನಿಲ, ಅನಿಲದಿಂದ ಬೆಳಕು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ದುರ್ಲಭವಾದಾಗ ನಮ್ಮ ನಾಡಿನ ರಸ್ತೆಗಳಲ್ಲಿ ಇದ್ದಿಲಿನ ಬಸ್ಸುಗಳು ಓಡಾಡಿದುವು. ಬಸ್ಸಿಗೆ ಜೋಡಿಸಿದ ಒಲೆಯಲ್ಲಿ ಇದ್ದಿಲಿನಿಂದ ಹುಟ್ಟಿದ ಅನಿಲವೇ ಎಂಜಿನ್ನನ್ನು ನಡೆಸುತ್ತಿತ್ತೆಂಬುದನ್ನು ಹಿರಿಯರಿಂದ ಕೇಳಿದವರು ನಮ್ಮಲ್ಲಿ ಹಲವರಿದ್ದಾರೆ. ಪೆಟ್ರೋಲ್ ಸುಲಭವಾದೊಡನೆ ಆ ಬಸ್ಸುಗಳು ಮರೆಯಾದುವು; ಆದರೆ ಅವುಗಳ ಹಿಂದಿದ್ದ ತತ್ತ್ವ ಮರೆಯತಕ್ಕದ್ದಲ್ಲ.

ಸೌದೆ ಉರಿಯುತ್ತದೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ಸೂಕ್ಷ್ಮವಾಗಿ ನೋಡಿದರೆ ಜ್ವಾಲೆಯಾಗಿ ಉರಿಯುವುದು ಸೌದೆಯಲ್ಲ, ಅದರಿಂದ ಹೊರಟ ಅನಿಲ. ಗಾಳಿಯಾಡುವ ಪ್ರಯೋಗಶಾಲೆಯಲ್ಲಿ ಅಧ್ಯಾಪಕರು ಇದನ್ನು ತೋರಿಸಬಹುದು. ಗಟ್ಟಿ ಗಾಜಿನ ಪ್ರನಾಳದಲ್ಲಿ ಒಣ ಕಟ್ಟಿಗೆಯ ಚೂರುಗಳನ್ನಿಟ್ಟು, ತೆರೆದ ಸಣ್ಣ ಕೊಳವೆಯುಳ್ಳ ಬಿರಡೆಯಿಂದ ಮುಚ್ಚಿ ಕಾಯಿಸಿದರೆ, ಮೊದಲು ನೀರಿನ ಹನಿಗಳೂ ಅನಂತರ ಕಂದುಬಣ್ಣದ ಜಿಗುಟು ದ್ರವವೂ ಕಾಣಿಸಿಕೊಳ್ಳುತ್ತವೆ. ಕೊಳವೆಯ ತುದಿಯಲ್ಲಿ ಬರುವ ಹೊಗೆಗೆ ಕಡ್ಡಿ ಗೀರಿ ಹಿಡಿದರೆ ಅದು ಹೊತ್ತಿಕೊಳ್ಳುತ್ತದೆ. ಪ್ರನಾಳದಲ್ಲಿ ಉಳಿಯುವುದು ಇದ್ದಿಲು. ಒಣ ಸೌದೆಯ ತೂಕದ ಸುಮಾರು ಮುಕ್ಕಾಲು ಪಾಲು ಹೀಗೆ ಆವಿ ಹಾಗೂ ಅನಿಲವಾಗಿ ಹೊರಡುತ್ತದೆ. ಇದಕ್ಕೆ ಉಷ್ಣವಿಭಜನೆ ಎಂದು ಹೆಸರು.

ಇದರಿಂದ ಒಂದು ಮುಖ್ಯ ವಿಷಯ ಸ್ಪಷ್ಟವಾಗುತ್ತದೆ. ಹೊಗೆಯೆಂದರೆ ಉರಿಯದೆ ವ್ಯರ್ಥವಾದ ಇಂಧನ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಮಿಕ್ಕುದು ಗಾಳಿಗೂ, ಅಡಿಗೆ ಮಾಡುವ ತಾಯಂದಿರ ಕಣ್ಣು ಮತ್ತು ಶ್ವಾಸಕೋಶಗಳಿಗೂ ಹೋಗುತ್ತದೆ. ನೂರಾರು ಮಕ್ಕಳಿಗೆ ಅನ್ನ ಬೇಯುವ ದಾಸೋಹದ ಒಲೆಯ ಮುಂದೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿದ್ದು ಈ ನಷ್ಟವನ್ನು ತಗ್ಗಿಸುವುದಕ್ಕಾಗಿಯೇ.

ಆ ಅನಿಲವನ್ನು ಒಲೆಯಲ್ಲೇ ಉರಿಸದೆ ಎಂಜಿನ್ನಿಗೆ ಒಯ್ಯುವುದೇ ಅನಿಲೀಕರಣ. ಇಲ್ಲಿನ ರಹಸ್ಯವೆಲ್ಲ ಗಾಳಿಯ ಅಳತೆಯಲ್ಲಿದೆ. 1 ಕಿಲೋ ಸೌದೆ ಪೂರ್ಣವಾಗಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು; ಅನಿಲೀಕರಣ ಯಂತ್ರದಲ್ಲಿ ಅದರ ಕಾಲುಭಾಗದಷ್ಟನ್ನು ಮಾತ್ರ ಒದಗಿಸುತ್ತಾರೆ. ಸೌದೆಯ ಒಂದಂಶ ಉರಿದು 1000 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಉಷ್ಣವನ್ನು ಕೊಡುತ್ತದೆ. ಆಗ ಉಂಟಾದ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಕೆಂಪಗೆ ಕಾದ ಇದ್ದಿಲಿನ ಮೂಲಕ ಹಾಯ್ದು, ಉರಿಯಬಲ್ಲ ಇಂಗಾಲದ ಮೊನಾಕ್ಸೈಡ್ ಮತ್ತು ಜಲಜನಕಗಳಾಗಿ ಮಾರ್ಪಡುತ್ತವೆ. ಇವೆರಡೂ ಸುಮಾರು ಐದನೆಯ ಒಂದೊಂದು ಪಾಲಿರುತ್ತವೆ. ಉಳಿದುದರಲ್ಲಿ ಬಹುಪಾಲು ಗಾಳಿಯ ಸಾರಜನಕ. 1 ಕಿಲೋ ಸೌದೆಯಿಂದ ಸುಮಾರು 2.5 ಘನ ಮೀಟರ್ ಅನಿಲ ದೊರೆಯುತ್ತದೆ. ಟಾರು ಮತ್ತು ಬೂದಿಯನ್ನು ಸೋಸಿ ತಂಪುಗೊಳಿಸಿದರೆ ಅದು ಎಂಜಿನ್ನಿಗೆ ಯೋಗ್ಯ. ಆದರೆ ಮೊನಾಕ್ಸೈಡ್ ವಾಸನೆಯಿಲ್ಲದ ವಿಷವಾದ್ದರಿಂದ ಯಂತ್ರವನ್ನು ಮುಚ್ಚಿದ ಕೋಣೆಯಲ್ಲಿ ಎಂದಿಗೂ ನಡೆಸಕೂಡದು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಇದಕ್ಕೆ ಉತ್ತಮ ನಿದರ್ಶನ. ವಿದ್ಯುತ್ತಿಲ್ಲದ, ಸುಮಾರು 35 ಮನೆಗಳ ಆ ಹಳ್ಳಿಯಲ್ಲಿ 1988ರಲ್ಲಿ ವಿಜ್ಞಾನ ಸಂಸ್ಥೆಯವರು ಇಂಥ ಯಂತ್ರವನ್ನು ಸ್ಥಾಪಿಸಿದರು. ಮುಂದೆ ಅದರ ಸಾಮರ್ಥ್ಯ 20 ಕಿಲೋವಾಟಿಗೆ ಏರಿತು. ಮನೆಗೆ ದೀಪ, ನಲ್ಲಿಗೆ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರಾವರಿ ಇವೆಲ್ಲವೂ ಅದರಿಂದ ದೊರೆತುವು. 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದರ ಹಿಂದಿನ ಆರು ವರ್ಷಗಳಲ್ಲಿ ಶೇಕಡ 85ಕ್ಕೂ ಹೆಚ್ಚು ದಿನಗಳಂದು ದೀಪ ಮತ್ತು ನೀರು ಒದಗಿದ್ದುವು. ಸೌದೆಗಾಗಿ ಊರಿನ ಬಳಿಯೇ ನೆಡುತೋಪನ್ನು ಬೆಳೆಸಿದ್ದು ಗಮನಾರ್ಹ. ಕಡಿದಷ್ಟನ್ನು ಮರಳಿ ಬೆಳೆಸದಿದ್ದರೆ ಈ ಶಕ್ತಿ ಅಕ್ಷಯವಲ್ಲ. ಅದು ಕಾಡಿನ ನಾಶವೇ ಸರಿ.

ಯಂತ್ರವನ್ನು ಕೊಂಡುತರುವುದು ಸುಲಭ. ಸೌದೆಯನ್ನು ಒಣಗಿಸಿ ತುಂಡರಿಸುವವರು, ಸೋಸುಕವನ್ನು ಶುಚಿಯಾಗಿಡುವವರು, ಸಸಿ ನೆಡುವವರು ಊರಿನಲ್ಲಿಯೇ ಸಿದ್ಧರಾಗಬೇಕು. ಅಂಥವರನ್ನು ಸಿದ್ಧಗೊಳಿಸುವ ಕಾರ್ಯ ಶಾಲೆಯದು. ವಿಜ್ಞಾನದ ಪಾಠ ಪ್ರನಾಳದಲ್ಲಿ ಆರಂಭವಾಗಲಿ. ಆದರೆ ಅಲ್ಲಿಗೇ ಮುಗಿಯದೆ ಊರಿನ ಒಲೆಯವರೆಗೂ ತೋಪಿನವರೆಗೂ ಮುಂದುವರಿಯಲಿ.