ಆಮಶಂಕೆ: ಕಾರಣಗಳು ಮತ್ತು ಪರಿಣಾಮಗಳು

ರಕ್ತ ಮತ್ತು ಲೋಳೆ ಬೆರೆತ ಭೇದಿ, ಹೊಟ್ಟೆನುಲಿತ, ಜ್ವರ ಇವು ಆಮಶಂಕೆಯ ಲಕ್ಷಣಗಳು. ಹಿಂದೆ ಇದಕ್ಕೆ ಕೆಟ್ಟ ಗಾಳಿಯೇ ಕಾರಣವೆಂದು ಕೆಲವರೂ, ದೇವಿಯ ಮುನಿಸೆಂದು ಕೆಲವರೂ ನಂಬಿದ್ದರು. 1875ರಲ್ಲಿ ರಷ್ಯದ ವೈದ್ಯ ಲ್ಯೋಶ್ ರೋಗಿಯ ಮಲದಲ್ಲಿ ಅಮೀಬಾ ಎಂಬ ಏಕಕೋಶ ಜೀವಿಯನ್ನು ಕಂಡನು. 1897ರಲ್ಲಿ ಜಪಾನಿನಲ್ಲಿ ಸುಮಾರು 90 ಸಾವಿರ ಜನರಿಗೆ ಆಮಶಂಕೆ ತಗುಲಿ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಮೃತರಾದರು. ಆಗ ಕಿಯೋಷಿ ಶಿಗಾ ಎಂಬ ವಿಜ್ಞಾನಿಯು ಇನ್ನೊಂದು ಕಾರಣವಾದ ಬ್ಯಾಕ್ಟೀರಿಯವನ್ನು ಗುರುತಿಸಿದನು. ಅದಕ್ಕೆ ಅವನ ಹೆಸರಿನಿಂದಲೇ ‘ಶಿಗೆಲ್ಲ’ ಎಂಬ ಹೆಸರು ಬಂದಿತು.

ರೋಗಿಯ ಮಲದಿಂದ ಹೊರಬಿದ್ದ ಈ ರೋಗಾಣುಗಳು ನೀರು, ನೊಣ ಹಾಗೂ ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಬಾಯಿಯನ್ನು ಸೇರಿ, ದೊಡ್ಡ ಕರುಳಿನಲ್ಲಿ ಹುಣ್ಣು ಮಾಡುತ್ತವೆ. ನನ್ನ ಬಾಲ್ಯದಲ್ಲಿ ಜತ್ತ ತಾಲೂಕಿನ ನಮ್ಮೂರಿನಲ್ಲಿ ಬೇಸಿಗೆಗೆ ಬಾವಿಗಳು ಬತ್ತುತ್ತಿದ್ದವು. ಹಳ್ಳದ ಉಸುಕಿನಲ್ಲಿ ತೋಡಿದ ಒರತೆಯೇ ಎಲ್ಲರಿಗೂ ಗತಿ. ಬಯಲುಕಡೆಗೆ ಹೋಗುತ್ತಿದ್ದುದೂ ಆ ಹಳ್ಳದ ದಂಡೆಗೇ. ಮೊದಲ ಮಳೆಯು ದಂಡೆಯ ಹೊಲಸನ್ನೆಲ್ಲ ಒರತೆಗೆ ತಂದು ಸುರಿಯುತ್ತಿತ್ತು.

1958ರ ಮಳೆಗಾಲದಲ್ಲಿ ಮೂರು ವರ್ಷದ ನನ್ನ ತಮ್ಮನಿಗೆ ಆಮಶಂಕೆಯಾಯಿತು. ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂದು ಹಿರಿಯರು ಬಗೆದರು. ತಂಬಿಗೆಯು ಅವನ ಕೈಗೆ ಸಿಗದಂತೆ ಕಾಯುವ ಕೆಲಸ ನನ್ನ ಪಾಲಿಗೆ ಬಂದಿತು. ಅವನು ನೀರು ಬೇಡುತ್ತಲೇ ಇದ್ದನು. ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ನಾಲ್ಕನೆಯ ದಿನ ತೀರಿಕೊಂಡನು. ಹಿರಿಯರಲ್ಲಿ ಮಮತೆಯ ಕೊರತೆಯಿರಲಿಲ್ಲ, ತಿಳುವಳಿಕೆಯ ಕೊರತೆಯಿತ್ತು.

ಭೇದಿಯಿಂದ ದೇಹದ ನೀರು ಮತ್ತು ಲವಣಗಳು ನಷ್ಟವಾಗುತ್ತವೆ. ಅವನ್ನು ಮರಳಿ ತುಂಬದಿದ್ದರೆ ಮಗು ಬದುಕಲಾರದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಇದನ್ನು ಓದಿದ ದಿನ ನನಗೆ ಆ ತಂಬಿಗೆ ನೆನಪಾಯಿತು.

ಅಂದಿನಿಂದ ಪ್ರತಿ ಮಳೆಗಾಲದ ಮೊದಲ ವಾರ ನಮ್ಮ ಶಾಲೆಯಲ್ಲಿ ಈ ಪಾಠವನ್ನು ಮಾಡಿಸುತ್ತ ಬಂದೆನು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಆದರೆ ಈ ನೀರು ರೋಗಾಣುವನ್ನು ಕೊಲ್ಲಲಾರದು. ಮಲದಲ್ಲಿ ರಕ್ತ ಕಂಡರೆ ಇದನ್ನು ಕುಡಿಸುತ್ತಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಈ ಶಾಲೆಯಲ್ಲಿ ಕಲಿತವರೆಲ್ಲರೂ ನಾನು ಹೇಳಿದ ವ್ಯಾಕರಣವನ್ನು ಮರೆತರೂ ಚಿಂತೆಯಿಲ್ಲ. ಬಾಯಾರಿದ ರೋಗಿಗೆ ನೀರು ಕೊಡಬೇಕೆಂಬುದನ್ನು ಮರೆಯದಿರಲಿ.