ಕುಡಿತ ಬಿಟ್ಟವರ ಕೂಟ

ಕುಡಿತವನ್ನು ಬಿಡಬೇಕೆಂದಿರುವವನಿಗೆ ನಾವೆಲ್ಲರೂ ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಮನಸ್ಸನ್ನು ಗಟ್ಟಿ ಮಾಡಿಕೊ.’ ಅವನು ಗಟ್ಟಿ ಮಾಡಿಕೊಳ್ಳುತ್ತಾನೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆಯನ್ನೂ ಮಾಡುತ್ತಾನೆ. ಕೆಲವು ದಿನಗಳು ಕಳೆದ ಮೇಲೆ ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ. ಅವನ ಆಣೆ ಸುಳ್ಳಾಗಿತ್ತೆಂದು ಹೇಳುವಂತಿಲ್ಲ. ಹಾಗಾದರೆ ಕೊರತೆ ಎಲ್ಲಿತ್ತು? ಇದನ್ನು ತಿಳಿಯಬೇಕಾದರೆ ಮೊದಲು ಮಿದುಳಿನಲ್ಲಿ ನಡೆಯುವುದನ್ನು ನೋಡಬೇಕು.

ಮಿದುಳಿನ ತಕ್ಕಡಿ

ನಮ್ಮ ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ದ್ರವ್ಯವೂ, ಅವನ್ನು ಚುರುಕುಗೊಳಿಸುವ ಗ್ಲೂಟಮೇಟ್ ಎಂಬ ದ್ರವ್ಯವೂ ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಕದಲ್ಲಿರುತ್ತವೆ. ಮದ್ಯಸಾರವು ಮೊದಲನೆಯದರ ಪರಿಣಾಮವನ್ನು ಹೆಚ್ಚಿಸಿ ಎರಡನೆಯದರ ಪರಿಣಾಮವನ್ನು ಕುಗ್ಗಿಸುತ್ತದೆ. ದಿನದಿನವೂ ಹೀಗಾದರೆ ಮಿದುಳು ಎದುರು ತೂಕವನ್ನಿಟ್ಟುಕೊಂಡು ಹೊಂದಿಕೊಳ್ಳುತ್ತದೆ. ಕುಡಿತವು ಒಮ್ಮೆಗೇ ನಿಂತಾಗ ಆ ಎದುರು ತೂಕ ಮಾತ್ರ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿಯೇ ಕೈನಡುಕ, ಬೆವರು, ನಿದ್ರಾಹೀನತೆಗಳು ತೋರುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಸೆಳವು ಬರಬಹುದು. ಎರಡರಿಂದ ನಾಲ್ಕು ದಿನಗಳ ಹೊತ್ತಿಗೆ ಸನ್ನಿಯೂ ಹಿಡಿಯಬಹುದು. ಇವು ಪ್ರಾಣಕ್ಕೆ ಅಪಾಯಕರವಾದವು. ಆದುದರಿಂದ ಬಹುಕಾಲ ದಿನವೂ ಹೆಚ್ಚಾಗಿ ಕುಡಿದವರು ವೈದ್ಯರನ್ನು ಕಾಣದೆ ಥಟ್ಟನೆ ನಿಲ್ಲಿಸಕೂಡದು. ಇದಕ್ಕೆ ಔಷಧಿಗಳಿವೆ.

ಆದರೆ ನಡುಕ ಅಡಗಿದ ಮಾತ್ರಕ್ಕೆ ವ್ಯಸನ ಅಳಿಯಿತೆಂದಲ್ಲ. ಸಂಬಳದ ದಿನ, ಹಳೆಯ ಗೆಳೆಯ, ಪರಿಚಿತವಾದ ಬೀದಿಯ ತಿರುವು, ಇವುಗಳಲ್ಲಿ ಯಾವುದಾದರೂ ಆಸೆಯನ್ನು ಕೆರಳಿಸಬಲ್ಲದು. ಕುಡಿಯುವವನ ಸ್ನೇಹಿತರು ಬಹುಮಟ್ಟಿಗೆ ಕುಡಿಯುವವರೇ ಆಗಿರುತ್ತಾರೆ. ಕುಡಿತವನ್ನು ಬಿಟ್ಟವನು ಸಂಜೆಯನ್ನು ಯಾರೊಡನೆ ಕಳೆಯಬೇಕು? ಕೂಟವು ಉತ್ತರ ಕೊಡುವುದು ಈ ಪ್ರಶ್ನೆಗೆ.

ಆಕ್ರನ್ ನಗರದ ಭೇಟಿ

1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥನು ಅಮೆರಿಕದ ಒಹಾಯೊ ಪ್ರಾಂತ್ಯದ ಆಕ್ರನ್ ನಗರಕ್ಕೆ ವ್ಯಾಪಾರಕ್ಕಾಗಿ ಬಂದಿದ್ದನು. ಅವನು ಕುಡಿತವನ್ನು ಬಿಟ್ಟು ಕೆಲವು ತಿಂಗಳುಗಳಾಗಿದ್ದವು. ವ್ಯಾಪಾರ ಕೆಟ್ಟಿತು, ಹೋಟೆಲಿನ ಪಾನಗೃಹವು ಅವನನ್ನು ಸೆಳೆಯತೊಡಗಿತು. ಆಗ ಅವನು ಟೆಲಿಫೋನಿನ ಬಳಿಗೆ ಹೋಗಿ, ತನ್ನಂತೆಯೇ ಕುಡಿತದಿಂದ ನರಳುವ ಒಬ್ಬರನ್ನು ಹುಡುಕತೊಡಗಿದನು. ಹೀಗೆ ದೊರೆತವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕಾಲು ಗಂಟೆಗೆಂದು ಒಪ್ಪಿ ಬಂದ ವೈದ್ಯರು ಹಲವು ಗಂಟೆಗಳ ಕಾಲ ಕುಳಿತು ಮಾತನಾಡಿದರು. ಅವರು ಕೊನೆಯ ಬಾರಿ ಕುಡಿದ ದಿನವೆಂದು ಗಣಿಸಲಾಗುವ 1935ರ ಜೂನ್ 10ನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಸ್ಥೆಯ ಜನ್ಮದಿನವೆಂದು ಎಣಿಸುತ್ತಾರೆ. ಇಲ್ಲಿ ನಾವು ಗಮನಿಸಬೇಕಾದುದೊಂದಿದೆ: ವಿಲ್ಸನ್ ಹೊರಟಿದ್ದುದು ಮತ್ತೊಬ್ಬನನ್ನು ಉದ್ಧರಿಸುವುದಕ್ಕೆ ಮಾತ್ರವೇ ಅಲ್ಲ, ತಾನು ಉಳಿಯುವುದಕ್ಕೂ ಹೌದು.

ಈ ಸಂಸ್ಥೆಯ ಕೂಟಗಳು 1957ರಲ್ಲಿ ಮುಂಬಯಿಗೆ ಬಂದವು. ಇಂದು ಬೆಂಗಳೂರು ಮೊದಲಾದ ಊರುಗಳಲ್ಲಿ ಕನ್ನಡದಲ್ಲಿಯೂ ಅವು ನಡೆಯುತ್ತವೆ.

ಕೂಟದೊಳಗೆ

ಮೊದಲ ಸಲ ಹೋಗುವವರನ್ನು ತಡೆಯುವುದು ನಾಚಿಕೆ. ‘ಪರಿಚಯದವರು ಯಾರಾದರೂ ಕಂಡರೆ?’ ಎಂಬ ಅಂಜಿಕೆ ಸಹಜವೇ. ಆದರೆ ಹಾಗೆ ಕಂಡವರೂ ಅದೇ ಕಾರಣಕ್ಕಾಗಿ ಬಂದಿರುತ್ತಾರೆ. ಅಲ್ಲಿ ಯಾರ ಮನೆತನವನ್ನೂ ಉದ್ಯೋಗವನ್ನೂ ಕೇಳುವುದಿಲ್ಲ. ಹೆಸರೊಂದನ್ನು ಹೇಳಿದರೆ ಸಾಕು. ಕೇಳಿದ ಮಾತನ್ನು ಹೊರಗೆ ಆಡಕೂಡದೆಂಬುದು ಅಲ್ಲಿಯ ಕಟ್ಟುಪಾಡು. ಪ್ರವೇಶಕ್ಕೆ ಶುಲ್ಕವಿಲ್ಲ, ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಯೋಗ್ಯತೆ. ಕೊನೆಯಲ್ಲಿ ಕಾಣಿಕೆಯ ತಟ್ಟೆ ಸುತ್ತಿ ಬಂದರೆ ಸದಸ್ಯರು ಇಷ್ಟವಿದ್ದಷ್ಟು ಹಾಕುತ್ತಾರೆ.

ಕೂಟವು ಸಾಮಾನ್ಯವಾಗಿ ಒಂದು ಗಂಟೆ, ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬೊಬ್ಬರಾಗಿ ತಮ್ಮ ಕಥೆಯನ್ನು ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕುಳಿತಿರಬಹುದು. ‘ತೆರೆದ’ ಕೂಟಕ್ಕೆ ಮನೆಯವರೂ ಹೋಗಬಹುದು. ‘ಮುಚ್ಚಿದ’ ಕೂಟವು ಕುಡಿತವನ್ನು ಬಿಡಬಯಸುವವರಿಗೆ ಮಾತ್ರ. ಮನೆಯವರಿಗಾಗಿ 1951ರಿಂದ ‘ಆಲ್-ಅನಾನ್’ ಎಂಬ ಬೇರೆ ಸಂಸ್ಥೆಯೇ ಇದೆ. ಕೂಟದ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಅದಕ್ಕೆ ಅರ್ಥವನ್ನು ಅವರವರೇ ಕಂಡುಕೊಳ್ಳಬೇಕೆಂಬುದೂ ಅಲ್ಲಿಯ ನಿಯಮ. ಇದು ಒಗ್ಗದವರಿಗೆ 1994ರಲ್ಲಿ ಆರಂಭವಾದ ‘ಸ್ಮಾರ್ಟ್ ರಿಕವರಿ’ಯಂಥ ಮತಾತೀತವಾದ ಕೂಟಗಳೂ ಇವೆ.

ಪರೀಕ್ಷೆಯ ಒರೆಗಲ್ಲು

ಇಷ್ಟರಿಂದ ನಿಜವಾಗಿಯೂ ಗುಣವಾಗುವುದೇ? ಕಾಕ್ರನ್ ಸಂಸ್ಥೆಯು 2020ರಲ್ಲಿ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿತು. ಕೂಟಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯನ್ನು ಪಡೆದವರಲ್ಲಿ ನೂರಕ್ಕೆ 42 ಮಂದಿ ಒಂದು ವರ್ಷದ ಬಳಿಕ ಪೂರ್ತಿಯಾಗಿ ಮದ್ಯಮುಕ್ತರಾಗಿದ್ದರು. ಇತರ ಮನಶ್ಚಿಕಿತ್ಸೆಗಳಲ್ಲಿ ಈ ಸಂಖ್ಯೆ 35. ನೂರಕ್ಕೆ ನೂರರಷ್ಟು ಗೆಲುವನ್ನು ಯಾವ ಚಿಕಿತ್ಸೆಯೂ ಕೊಡಲಿಲ್ಲ. ಆದುದರಿಂದ ಕೂಟಕ್ಕೆ ಹೋಗುವವನು ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಮರುದಿನದ ಕೂಟಕ್ಕೆ ಮತ್ತೆ ಹೋಗಬೇಕು.

ಹುಡುಕುವ ಬಗೆ

ಕೂಟಗಳ ಸ್ಥಳ ಮತ್ತು ವೇಳೆಗಳನ್ನು ಸಂಸ್ಥೆಯ ಅಂತರ್ಜಾಲ ಪುಟದಿಂದಲೂ, ವ್ಯಸನಮುಕ್ತಿ ಕೇಂದ್ರಗಳಿಂದಲೂ ತಿಳಿಯಬಹುದು. ಕೇಂದ್ರ ಸರ್ಕಾರದ ಉಚಿತ ದೂರವಾಣಿ 14446 ವ್ಯಸನದ ವಿಷಯದಲ್ಲಿ ಸಲಹೆ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಮೊದಲ ಕೂಟ ರುಚಿಸದಿದ್ದರೆ ಬೇರೆ ಬಡಾವಣೆಯ ಕೂಟಕ್ಕೆ ಹೋಗಿ ನೋಡಬೇಕು. ಒಂದೊಂದು ಕೂಟದ ಸ್ವಭಾವ ಒಂದೊಂದು ಬಗೆ. ಮನೆಯವರು ಉಪದೇಶವನ್ನು ಕಡಮೆ ಮಾಡಿ ಮೊದಲ ದಿನ ಬಾಗಿಲಿನವರೆಗೆ ಜೊತೆಯಲ್ಲಿ ನಡೆದರೆ ಅದೇ ದೊಡ್ಡ ಸಹಾಯ. ಮುಂದಿನ ಸಂಜೆಗಳಿಗೆ ಜೊತೆಯಾಗುವವರು ಒಳಗೆ ಕುಳಿತಿರುತ್ತಾರೆ.